ನೆನಪಿಟ್ಟುಕೊಂಡಿದ್ದು ಯಾರ ಪ್ರೊಫೈಲ್? ಓಕ್ಟಾ ಪ್ರಕರಣದ ಅಧ್ಯಯನ

ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಕ್ರೋಮ್ ತೆರೆಯಿರಿ. ಬಲಗಡೆ ಮೇಲ್ತುದಿಯಲ್ಲಿ ದುಂಡಗಿನ ಒಂದು ಪುಟ್ಟ ಚಿತ್ರ ಕಾಣುತ್ತದೆ. ಅದು ಕಂಪನಿ ಕೊಟ್ಟ ಖಾತೆಯ ಚಿತ್ರವೋ, ನಿಮ್ಮ ಸ್ವಂತ ಜೀಮೇಲ್‌ಗೆ ಹಾಕಿಕೊಂಡ ಮಗಳ ಫೋಟೋನೋ? ನಾನು ಇಲ್ಲಿ ಬಿಡಿಸಿ ಹೇಳುವ ಪ್ರಕರಣ ಪೂರ್ತಿ ನಿಂತಿರುವುದು ಆ ಚಿತ್ರ ಯಾರದ್ದು ಅನ್ನುವುದರ ಮೇಲೆ.

ಓಕ್ಟಾ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಕಂಪನಿ. 2009ರಲ್ಲಿ ಶುರುವಾಯಿತು. ಅದು ಮಾಡುವ ಕೆಲಸ ಸರಳವಾಗಿ ಹೀಗೆ: ಒಂದು ಕಂಪನಿಯ ಉದ್ಯೋಗಿ ಬೆಳಿಗ್ಗೆ ಒಂದು ಸಲ ಲಾಗಿನ್ ಆದರೆ ಸಾಕು; ಮೇಲ್, ಸಂಬಳದ ಪೋರ್ಟಲ್, ಕೋಡ್ ಇಡುವ ಜಾಗ, ಎಲ್ಲದರ ಬಾಗಿಲೂ ಅದೇ ಲಾಗಿನ್‌ನಿಂದ ತೆರೆಯುತ್ತದೆ. ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲೂ ಎಷ್ಟೋ ಜನ ದಿನಾ ಬೆಳಿಗ್ಗೆ ನೋಡುವ ಪರದೆ ಅದು. ಈ ಘಟನೆ ನಡೆದಾಗ ಓಕ್ಟಾಕ್ಕೆ 18,000ಕ್ಕೂ ಹೆಚ್ಚು ಗ್ರಾಹಕ ಕಂಪನಿಗಳಿದ್ದವು.

2023ರ ಸೆಪ್ಟೆಂಬರ್ 28ರಿಂದ ಅಕ್ಟೋಬರ್ 17ರವರೆಗೆ ಓಕ್ಟಾದ ಗ್ರಾಹಕ ಸಹಾಯ ವ್ಯವಸ್ಥೆಯೊಳಗೆ ಯಾರೋ ಹೊರಗಿನವರು ಓಡಾಡಿದರು. 134 ಗ್ರಾಹಕರ ಫೈಲುಗಳು ಅವರ ಕೈಗೆ ಸಿಕ್ಕವು. ಅವರಲ್ಲಿ 5 ಗ್ರಾಹಕರ ಲಾಗಿನ್ ಸೆಷನ್‌ಗಳನ್ನು, ಅಂದರೆ ಆಗಲೇ ಲಾಗಿನ್ ಆಗಿ ತೆರೆದಿದ್ದ ಸಂಪರ್ಕಗಳನ್ನು, ಕದ್ದು ಬಳಸಿದರು. ಅದಕ್ಕಾಗಿ ಯಾರೂ ಗೋಡೆ ಒಡೆಯಲಿಲ್ಲ. ಒಂದು ಯೂಸರ್‌ನೇಮ್, ಒಂದು ಪಾಸ್‌ವರ್ಡ್ ಹಾಕಿ ಬಾಗಿಲಿನಿಂದಲೇ ಒಳಗೆ ಬಂದರು.

ಆ ಪಾಸ್‌ವರ್ಡ್ ಹೊರಗೆ ಹೋಗಿದ್ದು ಹೇಗೆ? ನವೆಂಬರ್ 3ರಂದು ಓಕ್ಟಾದ ಭದ್ರತಾ ಮುಖ್ಯಸ್ಥ ಡೇವಿಡ್ ಬ್ರಾಡ್‌ಬರಿ ತನಿಖೆಯ ಫಲವನ್ನು ಪ್ರಕಟಿಸಿದರು. ಒಬ್ಬ ಉದ್ಯೋಗಿ ಕಂಪನಿಯ ಲ್ಯಾಪ್‌ಟಾಪ್‌ನಲ್ಲೇ, ಕ್ರೋಮ್‌ನಲ್ಲಿ, ತನ್ನ ಸ್ವಂತ ಗೂಗಲ್ ಪ್ರೊಫೈಲ್‌ಗೆ ಸೈನ್ ಇನ್ ಆಗಿದ್ದರು. ಸಹಾಯ ವ್ಯವಸ್ಥೆಯ ಒಂದು ಸರ್ವಿಸ್ ಅಕೌಂಟಿನ (ಮನುಷ್ಯರಿಗಲ್ಲ, ಯಂತ್ರದ ಕೆಲಸಕ್ಕೆ ಮಾಡಿಟ್ಟ ಖಾತೆ) ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಆ ಸ್ವಂತ ಗೂಗಲ್ ಖಾತೆಯಲ್ಲಿ ಸೇವ್ ಆಗಿತ್ತು. ಆ ಉದ್ಯೋಗಿಯ ಸ್ವಂತ ಗೂಗಲ್ ಖಾತೆಯೋ ಸ್ವಂತ ಸಾಧನವೋ ಕಳ್ಳರ ಕೈಗೆ ಸಿಕ್ಕಿದ್ದೇ ಇದಕ್ಕೆ ಬಹುತೇಕ ಕಾರಣ ಎಂದು ಓಕ್ಟಾ ಹೇಳಿತು.

ಅಷ್ಟೇ. ಇಡೀ ಪ್ರಕರಣದ ಬೇರು ಅದು.

ಆ ಉದ್ಯೋಗಿಯನ್ನು ಬೈಯುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಕ್ಷಣವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಲಾಗಿನ್ ಪುಟದಲ್ಲಿ ಉದ್ದದ ಪಾಸ್‌ವರ್ಡ್ ಹಾಕಿ ಎಂಟರ್ ಒತ್ತುತ್ತೀರಿ. ಮೂಲೆಯಲ್ಲಿ ಒಂದು ಬಿಳಿ ಚೌಕ ಇಳಿಯುತ್ತದೆ: 'ಪಾಸ್‌ವರ್ಡ್ ಸೇವ್ ಮಾಡಬೇಕೇ?' ಎದುರಿಗೆ ಗ್ರಾಹಕರ ಟಿಕೆಟ್ (ಸಹಾಯ ಕೇಳಿ ಬಂದ ದೂರು) ಕಾಯುತ್ತಿದೆ. ನೀಲಿ ಬಟನ್ ಒತ್ತುತ್ತೀರಿ, ಚೌಕ ಮಾಯ. ಆ ಚೌಕದಲ್ಲಿ ಯಾವ ಜೀಮೇಲ್ ವಿಳಾಸ ಬರೆದಿತ್ತು, ಈ ಪಾಸ್‌ವರ್ಡ್ ಈ ಲ್ಯಾಪ್‌ಟಾಪ್‌ನಲ್ಲೇ ಉಳಿಯುತ್ತದೋ ಇನ್ನೆಲ್ಲಿಗೆ ಹೋಗುತ್ತದೋ ಅಂತ ಯಾರು ನಿಂತು ಓದುತ್ತಾರೆ? ನಾನಂತೂ ಓದಿರಲಿಲ್ಲ.

ಸೇವ್ ಆದ ಮೇಲೆ ಏನಾಗುತ್ತದೆ ಅಂದರೆ, ಸಿಂಕ್ ಆನ್ ಇದ್ದರೆ ಆ ಪಾಸ್‌ವರ್ಡ್ ನಿಮ್ಮ ಗೂಗಲ್ ಖಾತೆಗೆ ಸೇರುತ್ತದೆ. ಅದೇ ಖಾತೆ ತೆರೆದಿರುವ ಮನೆಯ ಕಂಪ್ಯೂಟರ್, ಹಳೆಯ ಫೋನ್, ಹೆಂಡತಿಯ ಟ್ಯಾಬ್, ಎಲ್ಲ ಕಡೆಗೂ ಇಳಿಯುತ್ತದೆ. ಕಂಪನಿ ತನ್ನ ಲ್ಯಾಪ್‌ಟಾಪ್‌ಗೆ ಲಕ್ಷಗಟ್ಟಲೆ ಖರ್ಚು ಮಾಡಿ ಕಾವಲು ಹಾಕಿರಬಹುದು. ಪಾಸ್‌ವರ್ಡ್ ಆಗಲೇ ಆ ಕಾವಲು ದಾಟಿ ಮನೆಗೆ ಹೋಗಿರುತ್ತದೆ. ಅಲ್ಲಿ ಯಾವ ಕಾವಲಿದೆ ಅನ್ನುವುದು ಕಂಪನಿಗೆ ಗೊತ್ತಿಲ್ಲ. ಪಾಸ್‌ವರ್ಡ್ ಮನೆಗೆ ಬಂದಿದೆ ಅನ್ನುವುದು ಮನೆಯವರಿಗೂ ಗೊತ್ತಿಲ್ಲ.

ಗ್ರಾಹಕರೇ ಗಂಟೆ ಬಾರಿಸಿದರು

ಒಳಗೆ ಬಂದವರಿಗೆ ಸಿಕ್ಕಿದ್ದು ಏನು ಅಂತ ಗೊತ್ತಾಗಬೇಕಾದರೆ ಹಾರ್ ಫೈಲ್ ಅಂದರೇನು ಅಂತ ತಿಳಿಯಬೇಕು. ವೆಬ್ ಪುಟದಲ್ಲಿ ಏನೋ ತೊಂದರೆ ಬಂದು ನೀವು ಸಹಾಯ ಕೇಳಿದಿರಿ ಅಂದುಕೊಳ್ಳಿ. 'ಬ್ರೌಸರ್‌ನಲ್ಲಿ ಒಂದು ರೆಕಾರ್ಡಿಂಗ್ ಮಾಡಿ ಕಳಿಸಿ' ಅನ್ನುತ್ತಾರೆ. ಬ್ರೌಸರ್ ಮತ್ತು ಸರ್ವರ್ ಮಧ್ಯೆ ಓಡಾಡಿದ ಪ್ರತಿಯೊಂದೂ ಆ ಫೈಲಿನಲ್ಲಿ ಇರುತ್ತದೆ. ಕುಕೀಗಳೂ ಇರುತ್ತವೆ. ಲಾಗಿನ್ ಆದವರ ಕುಕೀ ಅಂದರೆ ಬಾಗಿಲಲ್ಲಿ ಈಗಾಗಲೇ ತಪಾಸಣೆ ಮುಗಿಸಿದವರ ಕೈಗೆ ಹಾಕಿದ ಪಟ್ಟಿ ಇದ್ದ ಹಾಗೆ. ಆ ಪಟ್ಟಿ ಕಟ್ಟಿಕೊಂಡು ಬಂದವರನ್ನು ಪಾಸ್‌ವರ್ಡ್ ಕೇಳುವುದಿಲ್ಲ, ಒಟಿಪಿಯನ್ನೂ ಕೇಳುವುದಿಲ್ಲ.

ಓಕ್ಟಾದ ಗ್ರಾಹಕರು ಇಂಥ ಫೈಲುಗಳನ್ನು ಸಹಾಯ ವ್ಯವಸ್ಥೆಗೆ ಅಪ್‌ಲೋಡ್ ಮಾಡುತ್ತಿದ್ದರು. ಕಳುವಾದ ಸರ್ವಿಸ್ ಅಕೌಂಟಿಗೆ ಆ ಟಿಕೆಟ್‌ಗಳನ್ನು ನೋಡುವ, ತಿದ್ದುವ ಅಧಿಕಾರ ಇತ್ತು. ಸರ್ವಿಸ್ ಅಕೌಂಟ್ ಯಂತ್ರದ ಖಾತೆ ಅಂದೆನಲ್ಲ. ಅದರ ಹಿಂದೆ ಫೋನ್ ಹಿಡಿದು ಒಟಿಪಿ ನೋಡುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಹಾಗಾಗಿಯೇ ಅಂಥ ಖಾತೆಯ ಪಾಸ್‌ವರ್ಡ್ ಎಲ್ಲಿ ಬರೆದಿಟ್ಟಿದ್ದೀವಿ ಅನ್ನುವುದು ಬೇರೆ ಎಲ್ಲ ಪಾಸ್‌ವರ್ಡ್‌ಗಿಂತ ಜಾಸ್ತಿ ಮುಖ್ಯ.

ಮೊದಲು ಅನುಮಾನ ಬಂದಿದ್ದು ಓಕ್ಟಾದ ಗ್ರಾಹಕರಲ್ಲಿ ಒಂದಾದ ವನ್‌ಪಾಸ್‌ವರ್ಡ್ ಕಂಪನಿಗೆ, ಸೆಪ್ಟೆಂಬರ್ 29ರಂದು. ಅವರ ಐಟಿ ತಂಡದ ಒಬ್ಬರಿಗೆ ಒಂದು ಮೇಲ್ ಬಂತು: ನೀವು ಕೇಳಿದ ಅಡ್ಮಿನ್‌ಗಳ ಪಟ್ಟಿಯ ವರದಿ ಸಿದ್ಧವಾಗಿದೆ ಅಂತ. ಅವರು ಅಂಥ ವರದಿ ಕೇಳಿರಲೇ ಇಲ್ಲ. ಬಹಳ ಜನ ಇಂಥ ಮೇಲ್ ನೋಡಿ 'ಏನೋ ತಪ್ಪಾಗಿ ಬಂದಿರಬೇಕು' ಅಂತ ಅಳಿಸಿಬಿಡುತ್ತಾರೆ. ಅವರು ಅಳಿಸಲಿಲ್ಲ, ತಮ್ಮ ತಂಡಕ್ಕೆ ಹೇಳಿದರು. ಈ ಪ್ರಕರಣದಲ್ಲಿ ನನಗೆ ತುಂಬಾ ಗೌರವ ಹುಟ್ಟಿಸಿದ ಕೆಲಸ ಅದು.

ಅಕ್ಟೋಬರ್ 2ರಂದು ಇನ್ನೊಂದು ಗ್ರಾಹಕ, ಬೀಯಾಂಡ್‌ಟ್ರಸ್ಟ್ ಕಂಪನಿಯ ಸರದಿ. ಅವರ ಅಡ್ಮಿನ್ ಒಬ್ಬರು ಓಕ್ಟಾದವರು ಕೇಳಿದ ಹಾರ್ ಫೈಲನ್ನು ಅಪ್‌ಲೋಡ್ ಮಾಡಿ ಅರ್ಧ ಗಂಟೆಯೊಳಗೆ, ಅದರಲ್ಲಿದ್ದ ಕುಕೀ ಹಿಡಿದು ಯಾರೋ ಅವರ ಓಕ್ಟಾ ವ್ಯವಸ್ಥೆಗೆ ನುಗ್ಗಲು ನೋಡಿದರು. ಕಂಪನಿಗೆ ಗೊತ್ತಿಲ್ಲದ ಯಂತ್ರದಿಂದ ಅಡ್ಮಿನ್ ಪುಟ ತೆರೆಯಬಾರದು ಅನ್ನುವ ನಿಯಮ ಅಲ್ಲಿತ್ತು. ಅದು ತಡೆಯಿತು. ಕಳ್ಳ ಬೇರೆ ದಾರಿಯಿಂದ ಒಂದು ಸುಳ್ಳು ಖಾತೆ ಸೃಷ್ಟಿಸಿದ. ಅದನ್ನೂ ಬೀಯಾಂಡ್‌ಟ್ರಸ್ಟ್ ಮುಚ್ಚಿತು. ನಮ್ಮ ಕಡೆ ಎಲ್ಲ ನೋಡಿದೆವು, ಸೋರಿಕೆ ನಿಮ್ಮ ಕಡೆಯೇ ಇರಬೇಕು ಅಂತ ಅವರು ಓಕ್ಟಾಕ್ಕೆ ಪದೇ ಪದೇ ಹೇಳಿದರು.

ಓಕ್ಟಾದವರು ಹುಡುಕುತ್ತಲೇ ಇದ್ದರು. ಆದರೂ 14 ದಿನ ಏನೂ ಸಿಗಲಿಲ್ಲ. ಕಾರಣ ತುಂಬಾ ಸಣ್ಣದು. ಟಿಕೆಟ್ ತೆರೆದು ಅದಕ್ಕೆ ಅಂಟಿಸಿದ ಫೈಲನ್ನು ನೋಡಿದರೆ ಲಾಗ್‌ನಲ್ಲಿ ಒಂದು ಬಗೆಯ ದಾಖಲೆ ಬೀಳುತ್ತದೆ. ಟಿಕೆಟ್ ಮುಟ್ಟದೆ ನೇರವಾಗಿ ಫೈಲ್ಸ್ ಅನ್ನುವ ಟ್ಯಾಬ್‌ಗೆ ಹೋದರೆ ಬೇರೆ ಬಗೆಯ ದಾಖಲೆ ಬೀಳುತ್ತದೆ. ಓಕ್ಟಾದವರು ಟಿಕೆಟ್‌ಗಳ ದಾಖಲೆ ನೋಡುತ್ತಿದ್ದರು. ಕಳ್ಳರು ಹೋಗಿದ್ದು ಇನ್ನೊಂದು ದಾರಿಯಲ್ಲಿ. ಅಕ್ಟೋಬರ್ 13ರಂದು ಬೀಯಾಂಡ್‌ಟ್ರಸ್ಟ್ ತಮಗೆ ಅನುಮಾನ ಇರುವ ಒಂದು ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಒಂದು ಸಂಪರ್ಕದ ಗುರುತಿನ ಸಂಖ್ಯೆ) ಕೊಟ್ಟಿತು. ಅದನ್ನು ಹಿಡಿದು ಹುಡುಕಿದಾಗ ಇನ್ನೊಂದು ಬಗೆಯ ದಾಖಲೆಗಳೂ ಕಂಡವು, ಸರ್ವಿಸ್ ಅಕೌಂಟೂ ಕಂಡಿತು. 17ರಂದು ಅದನ್ನು ಮುಚ್ಚಿದರು. 18ರಂದು ಓಕ್ಟಾದ ಮತ್ತೊಂದು ಗ್ರಾಹಕ ಕಂಪನಿ ಕ್ಲೌಡ್‌ಫ್ಲೇರ್ ಕೂಡ ತನ್ನ ಮೇಲೆ ದಾಳಿ ಆಗಿರುವುದನ್ನು ಹಿಡಿಯಿತು. 20ರಂದು ಓಕ್ಟಾ ವಿಷಯವನ್ನು ಎಲ್ಲರಿಗೂ ತಿಳಿಸಿತು.

ನವೆಂಬರ್ ಕೊನೆಯಲ್ಲಿ ಇನ್ನೊಂದು ಸುದ್ದಿ ಬಂತು. ಸಹಾಯ ವ್ಯವಸ್ಥೆಯ ಬಹುತೇಕ ಎಲ್ಲ ಬಳಕೆದಾರರ ಹೆಸರು, ಇಮೇಲ್ ಇದ್ದ ವರದಿಯನ್ನೂ ಕಳ್ಳರು ಇಳಿಸಿಕೊಂಡಿದ್ದರು. 134 ಅಂತ ಶುರುವಾದ ಲೆಕ್ಕ ಹಾಗೆ ಬೆಳೆಯಿತು.

ಇದಕ್ಕೊಂದು ಬಾಲವೂ ಇದೆ. ಕ್ಲೌಡ್‌ಫ್ಲೇರ್‌ನವರು ಅಕ್ಟೋಬರ್‌ನಲ್ಲೇ ದಾಳಿಯನ್ನು ತಡೆದಿದ್ದರು. ಸೋರಿರಬಹುದಾದ ಪಾಸ್‌ವರ್ಡ್, ಟೋಕನ್‌ಗಳು (ಪಾಸ್‌ವರ್ಡ್ ಬದಲು ಪ್ರೋಗ್ರಾಂಗಳು ತೋರಿಸುವ ಗುರುತಿನ ಚೀಟಿಗಳು) ಸಾವಿರಾರು ಇದ್ದವು. ಅವುಗಳನ್ನು ಬದಲಾಯಿಸುವಾಗ ನಾಲ್ಕು ತಪ್ಪಿಹೋದವು: ಒಂದು ಟೋಕನ್, ಮೂರು ಸರ್ವಿಸ್ ಅಕೌಂಟ್. ಅವು ಬಳಕೆಯಲ್ಲಿಲ್ಲ ಅಂದುಕೊಂಡಿದ್ದರು. ನವೆಂಬರ್ ಮಧ್ಯದಲ್ಲಿ ಕಳ್ಳರು ಆ ನಾಲ್ಕನ್ನೇ ಹಿಡಿದು ಮತ್ತೆ ಬಂದರು. ಕಂಪನಿಯ ಒಳಗಿನ ವಿಕಿ (ಮಾಹಿತಿ ಪುಟಗಳು), ಬಗ್‌ಗಳ ಪಟ್ಟಿ, ಕೋಡ್ ಇರುವ ಜಾಗದವರೆಗೂ ಹೋದರು. ನವೆಂಬರ್ 23ಕ್ಕೆ ಗೊತ್ತಾಗಿ 24ಕ್ಕೆ ಪೂರ್ತಿ ಹೊರಗಟ್ಟಿದರು. ಆಮೇಲೆ 5,000ಕ್ಕೂ ಹೆಚ್ಚು ಪಾಸ್‌ವರ್ಡ್, ಕೀಗಳನ್ನು ಬದಲಾಯಿಸಿದರು. ಆ ನಾಲ್ಕರ ವಿಷಯಕ್ಕೆ ಆಮೇಲೆ ಮತ್ತೆ ಬರುತ್ತೇನೆ. ನನ್ನದೇ ಪಟ್ಟಿಯಲ್ಲಿ ಅಂಥವು ಸಿಕ್ಕವು.

ಬೀರುವಿನ ಕೀ ಮನೆಯಲ್ಲೇ ಇರುತ್ತದೆ

'ಬ್ರೌಸರ್ ಪಾಸ್‌ವರ್ಡ್‌ಗಳನ್ನು ಎನ್‌ಕ್ರಿಪ್ಟ್ ಮಾಡಿ ಇಡುತ್ತೆ ಅಲ್ವಾ, ಮತ್ತೆ ಕದಿಯೋದು ಹೇಗೆ?' ಅಂತ ನನ್ನನ್ನು ಬಹಳ ಜನ ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು.

ಹೌದು, ಎನ್‌ಕ್ರಿಪ್ಟ್ ಮಾಡುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬದಲಾಯಿಸಿ ಇಡುತ್ತದೆ. ವಿಂಡೋಸ್‌ನಲ್ಲಿ ಕ್ರೋಮ್ ನಿಮ್ಮ ಪಾಸ್‌ವರ್ಡ್‌ಗಳನ್ನು 'ಲಾಗಿನ್ ಡೇಟಾ' ಅನ್ನುವ ಫೈಲಿನಲ್ಲಿ ಇಡುತ್ತದೆ. ಅದು ಒಂದು ಸಾಮಾನ್ಯ ಡೇಟಾಬೇಸ್. ಯಾವ ಸೈಟ್, ಯಾವ ಯೂಸರ್‌ನೇಮ್ ಅನ್ನುವುದು ನೇರವಾಗಿ ಓದಲು ಸಿಗುತ್ತದೆ. ಪಾಸ್‌ವರ್ಡ್ ಮಾತ್ರ ಎನ್‌ಕ್ರಿಪ್ಟ್ ಆಗಿರುತ್ತದೆ. ಅದನ್ನು ಬಿಡಿಸುವ ಕೀ ಪಕ್ಕದಲ್ಲೇ 'ಲೋಕಲ್ ಸ್ಟೇಟ್' ಅನ್ನುವ ಇನ್ನೊಂದು ಫೈಲಿನಲ್ಲಿರುತ್ತದೆ. ಆ ಕೀಗೂ ಒಂದು ಬೀಗ ಇದೆ. ಅದನ್ನು ವಿಂಡೋಸ್ ನಿಮ್ಮ ಲಾಗಿನ್‌ಗೆ ಗಂಟು ಹಾಕಿರುತ್ತದೆ. ನಿಮ್ಮ ಹಾರ್ಡ್ ಡಿಸ್ಕ್ ಮಾತ್ರ ಕಿತ್ತುಕೊಂಡು ಹೋದವನಿಗೆ ಅದನ್ನು ತೆರೆಯುವುದು ಕಷ್ಟ. ಆದರೆ ನೀವು ಲಾಗಿನ್ ಆಗಿರುವಾಗ, ನಿಮ್ಮ ಹೆಸರಿನಲ್ಲಿ ಓಡುವ ಯಾವ ಪ್ರೋಗ್ರಾಂ ಕೇಳಿದರೂ ವಿಂಡೋಸ್ ಆ ಬೀಗ ತೆಗೆದುಕೊಡುತ್ತದೆ.

ನಮ್ಮ ಮನೆಗಳಲ್ಲಿ ಬೀರುವಿಗೆ ಬೀಗ ಹಾಕಿ, ಕೀ ದೇವರ ಫೋಟೋ ಹಿಂದೆ ಇಟ್ಟಿರುತ್ತಾರೆ. ಬೀದಿಯಲ್ಲಿ ಹೋಗುವವರಿಗೆ ಬೀರು ಭದ್ರವೇ. ಮನೆಯವನ ವೇಷ ಹಾಕಿ ಒಳಗೆ ಬಂದವನಿಗೆ ಅದು ಭದ್ರವಲ್ಲ. ಕದ್ದ ಸಾಫ್ಟ್‌ವೇರ್, ಪುಕ್ಕಟೆ ಗೇಮ್, 'ವಿಡಿಯೋ ನೋಡಲು ಇದನ್ನು ಇನ್‌ಸ್ಟಾಲ್ ಮಾಡಿ' ಅನ್ನುವ ಫೈಲುಗಳ ಜೊತೆ ಬರುವ ಕಳ್ಳ ಪ್ರೋಗ್ರಾಂಗಳು ಹಾಕುವುದು ಆ ವೇಷವನ್ನೇ. ಇವನ್ನು ಇನ್ಫೋಸ್ಟೀಲರ್ ಅನ್ನುತ್ತಾರೆ. ರೆಡ್‌ಲೈನ್, ರಕೂನ್, ಲುಮ್ಮಾ ಅಂತ ಬೇರೆ ಬೇರೆ ಹೆಸರುಗಳಿವೆ. ಒಂದೇ ಸಲ ಓಡಿ, ಸೇವ್ ಆದ ಪಾಸ್‌ವರ್ಡ್‌ಗಳನ್ನೂ ಕುಕೀಗಳನ್ನೂ ಗಂಟು ಕಟ್ಟಿ ಕಳಿಸಿಬಿಡುತ್ತವೆ. 2025ರ ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗಿನ ಎರಡೇ ತಿಂಗಳಲ್ಲಿ ಲುಮ್ಮಾ ಹೊಕ್ಕ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳನ್ನು ಮೈಕ್ರೋಸಾಫ್ಟ್ ಗುರುತಿಸಿತ್ತು.

ಇಲ್ಲಿ ಎಷ್ಟೋ ಜನರಿಗೆ ಒಂದು ಸುಳ್ಳು ಧೈರ್ಯ ಇದೆ. ಕ್ರೋಮ್‌ನಲ್ಲಿ ಸೇವ್ ಆದ ಪಾಸ್‌ವರ್ಡ್ ನೋಡಲು ಕಣ್ಣಿನ ಚಿಹ್ನೆ ಒತ್ತಿದರೆ ವಿಂಡೋಸ್ ಪಿನ್ ಕೇಳುತ್ತದೆ. ಅದನ್ನು ನೋಡಿ 'ಪಿನ್ ಇಲ್ಲದೆ ಯಾರೂ ನೋಡೋಕಾಗಲ್ಲ' ಅಂದುಕೊಳ್ಳುತ್ತೇವೆ. ಆ ಪಿನ್ ತಡೆಯುವುದು ನೀವು ಟೀ ಕುಡಿಯಲು ಎದ್ದಾಗ ನಿಮ್ಮ ಕುರ್ಚಿಯಲ್ಲಿ ಕೂತ ಮನುಷ್ಯನನ್ನು. ಪ್ರೋಗ್ರಾಂ ಆ ಕಣ್ಣಿನ ಚಿಹ್ನೆಯ ಹತ್ತಿರವೇ ಹೋಗುವುದಿಲ್ಲ. ಅದು ಫೈಲಿನಿಂದ ನೇರವಾಗಿ ಓದುತ್ತದೆ.

ಗೂಗಲ್ ಸುಮ್ಮನೆ ಕೂತಿಲ್ಲ. 2024ರ ಜುಲೈನಲ್ಲಿ ಬಂದ ಕ್ರೋಮ್ 127ರಿಂದ ವಿಂಡೋಸ್‌ನಲ್ಲಿ ಹೊಸ ಬೀಗ ಬಂತು. ಕೀ ಕೇಳುತ್ತಿರುವುದು ನಿಜವಾಗಿ ಕ್ರೋಮೇನಾ ಅಂತ ನೋಡಿ ಕೊಡುವ ಏರ್ಪಾಡು. ಮೊದಲು ಕುಕೀಗಳಿಗೆ ಹಾಕಿದರು. ಕಳ್ಳರು ಕೆಲವೇ ತಿಂಗಳಲ್ಲಿ ಅದಕ್ಕೂ ದಾರಿ ಹುಡುಕಿದರು. ಹಾಗಂತ ಆ ಬೀಗ ದಂಡ ಅಲ್ಲ. ಮೊದಲು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಕ್ಕೆ ಈಗ ಸದ್ದು ಮಾಡಬೇಕು, ಸದ್ದಾದರೆ ಆಂಟಿವೈರಸ್‌ಗೆ ಸಿಕ್ಕಿಬೀಳುವ ಸಾಧ್ಯತೆ ಜಾಸ್ತಿ. ಅದಕ್ಕೇ ಬ್ರೌಸರನ್ನು ಅಪ್‌ಡೇಟ್ ಮಾಡುತ್ತಿರಿ ಅಂತ ನಾನು ಎಲ್ಲರಿಗೂ ಹೇಳುವುದು.

ಫೈರ್‌ಫಾಕ್ಸ್ ಬಳಸುವವರಿಗೆ ಒಂದು ಒಳ್ಳೆಯ ಸೌಲಭ್ಯ ಇದೆ, ಅದರ ಹೆಸರು ಪ್ರೈಮರಿ ಪಾಸ್‌ವರ್ಡ್. ಅದನ್ನು ಹಾಕಿಕೊಂಡರೆ ಸೇವ್ ಆದವುಗಳನ್ನು ಬಿಡಿಸುವ ಕೀ ನಿಮ್ಮ ತಲೆಯಲ್ಲಿರುವ ಆ ಒಂದು ಪಾಸ್‌ವರ್ಡ್ ಇಲ್ಲದೆ ತೆರೆಯುವುದಿಲ್ಲ. ಆದರೆ ಅದು ತಾನಾಗಿ ಆನ್ ಆಗಿರುವುದಿಲ್ಲ, ನೀವೇ ಸೆಟ್ಟಿಂಗ್ಸ್‌ಗೆ ಹೋಗಿ ಹಾಕಬೇಕು. ಹಾಕದಿದ್ದರೆ ದೇವರ ಫೋಟೋ ಹಿಂದಿನ ಕೀ ಕಥೆಯೇ.

ದಾವಣಗೆರೆಯ ಕಂಪ್ಯೂಟರ್

ಓಕ್ಟಾದ ವರದಿ ಓದಿದ ದಿನ ನಾನು ನನ್ನ ಆಫೀಸಿನ ಲ್ಯಾಪ್‌ಟಾಪ್ ತೆರೆದು ಬಲಗಡೆ ಮೇಲೆ ನೋಡಿದೆ. ಮಗಳ ಫೋಟೋ ಇತ್ತು.

ಎದೆ ಧಸಕ್ಕೆಂದಿತು. ಸೇವ್ ಆದ ಪಾಸ್‌ವರ್ಡ್‌ಗಳ ಪಟ್ಟಿ ತೆರೆದೆ. ಕರೆಂಟ್ ಬಿಲ್ಲು, ಮಗಳ ಶಾಲೆಯ ಫೀಸು, ಅಪಾರ್ಟ್‌ಮೆಂಟ್ ಸಂಘದ ಲಾಗಿನ್ನು, ಅಪ್ಪನ ಪಿಂಚಣಿ, ರೈಲ್ವೆ ಟಿಕೆಟ್ಟು. ಅವುಗಳ ಮಧ್ಯೆ ಮಧ್ಯೆ ಆಫೀಸಿನ ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕ್ ಸೇರುವ ದಾರಿ). ಗ್ರಾಹಕರೊಬ್ಬರ ಸರ್ವರ್‌ನ ಅಡ್ಮಿನ್ ಪುಟ. ನಾನು ಬಿಟ್ಟು ವರ್ಷಗಳಾದ ಹಿಂದಿನ ಕೆಲಸದ ಎರಡು ಲಾಗಿನ್. ಇವನ್ನೆಲ್ಲ ಯಾವತ್ತು ಸೇವ್ ಮಾಡಿದೆ ಅಂತ ನನಗೆ ನೆನಪೇ ಇಲ್ಲ.

ಆಮೇಲೆ ಗೂಗಲ್ ಖಾತೆಯ ಭದ್ರತೆ ವಿಭಾಗಕ್ಕೆ ಹೋಗಿ ಈ ಖಾತೆ ಯಾವ ಯಾವ ಸಾಧನಗಳಲ್ಲಿ ತೆರೆದಿದೆ ಅಂತ ನೋಡಿದೆ. ನನ್ನ ಫೋನು, ಲ್ಯಾಪ್‌ಟಾಪು, ಮನೆಯ ಟ್ಯಾಬು. ಅವುಗಳ ಕೆಳಗೆ ಒಂದು ವಿಂಡೋಸ್ ಕಂಪ್ಯೂಟರ್, ದಾವಣಗೆರೆ. ಒಂದು ನಿಮಿಷ ಗೊತ್ತೇ ಆಗಲಿಲ್ಲ. ಆಮೇಲೆ ಹೊಳೆಯಿತು, ಅಪ್ಪನ ಕಂಪ್ಯೂಟರ್ ಅದು. ಹಿಂದಿನ ವರ್ಷ ದೀಪಾವಳಿಗೆ ಊರಿಗೆ ಹೋದಾಗ ವಾಪಸ್ ಬರುವ ರೈಲಿನ ಟಿಕೆಟ್ ಪ್ರಿಂಟ್ ತೆಗೆಯಲು ಅಲ್ಲಿ ನನ್ನ ಜೀಮೇಲ್ ತೆರೆದಿದ್ದೆ. ಸಿಂಕ್ ಮಾಡಬೇಕಾ ಅಂತ ಕೇಳಿತ್ತು, ಆಗಲಿ ಅಂತ ಒತ್ತಿದ್ದೆ. ಆಮೇಲೆ ರೈಲ್ವೆ ಸ್ಟೇಷನ್ನಿಗೆ ಹೊತ್ತಾಯ್ತು ಅಂತ ಹಾಗೇ ಎದ್ದು ಬಂದಿದ್ದೆ.

ಅಪ್ಪನಿಗೆ ಫೋನ್ ಮಾಡಿದೆ. 'ಅಪ್ಪಾ, ಆ ಕಂಪ್ಯೂಟರ್‌ನ ಈಗ ಯಾರು ಬಳಸ್ತಾರೆ?'

'ನಾನು ಪೇಪರ್ ಓದೋದಕ್ಕೆ ಅಷ್ಟೇ ಕಣಪ್ಪಾ. ರಜಾದಾಗ ನಿಮ್ಮಣ್ಣನ ಮಗ ಬಂದಿದ್ದ, ಅದೇನೋ ಗೇಮ್ ಹಾಕ್ಕೊಂಡು ಆಡ್ತಿದ್ದ.'

ಯಾವ ಗೇಮ್, ಎಲ್ಲಿಂದ ಇಳಿಸಿದ ಅಂತ ಹುಡುಗನನ್ನು ಕೇಳಿದೆ. ದುಡ್ಡು ಕೊಟ್ಟು ಕೊಳ್ಳಬೇಕಾದ ಗೇಮ್. ಯಾವುದೋ ಸೈಟ್‌ನಲ್ಲಿ ಪುಕ್ಕಟೆ ಸಿಕ್ಕಿತ್ತು. ಆಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಬೇಕು ಅಂತ ಅಲ್ಲಿ ಬರೆದಿತ್ತಂತೆ. ಅವನು ಹಾಗೇ ಮಾಡಿದ್ದ. 12 ವರ್ಷದ ಮಗು, ಅವನ ಮೇಲೆ ಸಿಟ್ಟಾಗಿ ಏನು ಮಾಡುವುದು? ಆಫೀಸಿನ ಕೀಯನ್ನು ಆ ಮನೆಗೆ ತಂದು ಬಿಟ್ಟವನು ನಾನು.

ಅಲ್ಲಿ ನಿಜವಾಗಿ ಕಳ್ಳ ಪ್ರೋಗ್ರಾಂ ಇತ್ತೋ ಇಲ್ಲವೋ ಅಂತ ಕಾಯುತ್ತಾ ಕೂರಲಿಲ್ಲ. ಇತ್ತು ಅಂತಲೇ ತಿಳಿದು ಕೆಲಸ ಮಾಡಿದೆ. ಇಂಥ ಹೊತ್ತಿನಲ್ಲಿ ಯಾರಿಗಾದರೂ ನಾನು ಕೊಡುವ ಸಲಹೆಯೂ ಅದೇ. ಮೊದಲು ಆಫೀಸಿನ ಭದ್ರತಾ ತಂಡಕ್ಕೆ ಹೇಳಿದೆ. ಹೇಳುವಾಗ ಮುಖ ಕೆಂಪಾಗಿತ್ತು, ನಿಜ. ಅವರು ಬೈಯಲಿಲ್ಲ. ವಿಪಿಎನ್ ಪಾಸ್‌ವರ್ಡ್ ಅವತ್ತೇ ಬದಲಾಯಿತು, ಹಳೆಯ ಸೆಷನ್‌ಗಳನ್ನೆಲ್ಲ ಕತ್ತರಿಸಿದರು.

ಆಮೇಲೆ ನನ್ನ ಫೋನಿನಿಂದ, ದಾವಣಗೆರೆಯ ಕಂಪ್ಯೂಟರ್ ಮುಟ್ಟದೆ, ಗೂಗಲ್ ಪಾಸ್‌ವರ್ಡ್ ಬದಲಾಯಿಸಿದೆ. ಕಂಪ್ಯೂಟರ್‌ಗೆ ಸೋಂಕಿದೆ ಅನ್ನುವ ಅನುಮಾನ ಇದ್ದರೆ ಅದರಲ್ಲೇ ಕೂತು ಹೊಸ ಪಾಸ್‌ವರ್ಡ್ ಹಾಕಬಾರದು. ಹೊಸದೂ ಕಳ್ಳರಿಗೇ ಸೇರುತ್ತದೆ. ಸಾಧನಗಳ ಪಟ್ಟಿಯಿಂದ ದಾವಣಗೆರೆಯನ್ನು ಸೈನ್ ಔಟ್ ಮಾಡಿದೆ. ಎರಡು ಹಂತದ ದೃಢೀಕರಣ ಮೊದಲೇ ಇತ್ತು. ಆದರೆ ಕುಕೀ ಕದ್ದವರಿಗೆ ಅದು ಅಡ್ಡ ಬರುವುದಿಲ್ಲ ಅಂತ ಓಕ್ಟಾ ಪ್ರಕರಣ ನೋಡಿದ ಮೇಲೆ ಗೊತ್ತಾಗಿತ್ತಲ್ಲ. ಅದಕ್ಕೇ ಮುಖ್ಯವಾದ ಪ್ರತಿಯೊಂದು ಸೈಟಿನಲ್ಲೂ 'ಎಲ್ಲ ಸಾಧನಗಳಿಂದ ಸೈನ್ ಔಟ್' ಅನ್ನುವುದನ್ನು ಹುಡುಕಿ ಒತ್ತಿದೆ. ಊರಿಗೆ ಹೋಗಿ ಅಪ್ಪನ ಫೋಟೋ, ಕಾಗದ ಪತ್ರ ಮಾತ್ರ ಬೇರೆ ಇಟ್ಟು, ವಿಂಡೋಸನ್ನು ಹೊಸದಾಗಿ ಹಾಕಿಸಿದೆ. ಆ ಹುಡುಗನಿಗೆ ಪಾಸ್‌ವರ್ಡ್ ಬೇರೆಯದೇ ಇರುವ, ಇನ್‌ಸ್ಟಾಲ್ ಮಾಡುವ ಅಧಿಕಾರ ಇಲ್ಲದ ಖಾತೆ ಮಾಡಿಕೊಟ್ಟೆ.

ಅಳಿಸಿದರೆ ಸಾಲದು

ಪಟ್ಟಿಯನ್ನು ತೊಳೆಯುವ ಕೆಲಸಕ್ಕೆ ಎರಡು ರಾತ್ರಿ ಹಿಡಿಯಿತು. ಇಲ್ಲಿ ಬಹಳ ಜನ ಮಾಡುವ ಒಂದು ತಪ್ಪು ಇದೆ. ಸಿಂಕ್ ಆಫ್ ಮಾಡಿ, ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಪಾಸ್‌ವರ್ಡ್ ಅಳಿಸಿ, 'ಮುಗೀತು' ಅಂದುಕೊಳ್ಳುತ್ತಾರೆ. ಆಗ ಅಳಿಸಿಹೋಗುವುದು ಆ ಲ್ಯಾಪ್‌ಟಾಪ್‌ನ ಪ್ರತಿ ಮಾತ್ರ. ಗೂಗಲ್ ಖಾತೆಯಲ್ಲಿ ಇರುವುದು ಹಾಗೇ ಇರುತ್ತದೆ. ಹಾಗಾಗಿ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್‌ನ ಪುಟವನ್ನೇ ತೆರೆದು, ಖಾತೆಯಲ್ಲಿರುವುದನ್ನೇ ಅಳಿಸಬೇಕು. ಅದಕ್ಕಿಂತ ಮೊದಲು ಆ ಸೈಟಿಗೆ ಹೋಗಿ ಪಾಸ್‌ವರ್ಡನ್ನೇ ಬದಲಾಯಿಸಬೇಕು. ಕಳ್ಳರ ಹತ್ತಿರ ಆಗಲೇ ಹೋಗಿರುವ ಪ್ರತಿಯನ್ನು ನಾವು ಅಳಿಸಲಾರೆವು. ಅದು ಕೆಲಸಕ್ಕೆ ಬಾರದಂತೆ ಮಾಡಬಹುದು, ಅಷ್ಟೇ.

ಬೇರೆ ಪಾಸ್‌ವರ್ಡ್ ಮ್ಯಾನೇಜರ್‌ಗೆ ಹೋಗುವವರು ಎಕ್ಸ್‌ಪೋರ್ಟ್ ಮಾಡುತ್ತಾರೆ. ಆಗ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಒಂದು ಫೈಲ್ ಬೀಳುತ್ತದೆ. ಅದರಲ್ಲಿ ನಿಮ್ಮ ಎಲ್ಲ ಪಾಸ್‌ವರ್ಡ್‌ಗಳೂ ದಿನಸಿ ಚೀಟಿಯ ಹಾಗೆ ಬಿಚ್ಚಿ ಬರೆದಿರುತ್ತವೆ, ಯಾವ ಎನ್‌ಕ್ರಿಪ್ಷನ್ನೂ ಇಲ್ಲ. ಇಂಪೋರ್ಟ್ ಆದ ಕೂಡಲೇ ಅದನ್ನು ಅಳಿಸಿ, ರೀಸೈಕಲ್ ಬಿನ್ನೂ ಖಾಲಿ ಮಾಡಿ. ನನಗೆ ತಿಳಿದವರ ಕಂಪ್ಯೂಟರ್‌ನಲ್ಲಿ ವರ್ಷಗಟ್ಟಲೆ ಕೂತಿದ್ದ ಅಂಥ ಫೈಲನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಹಾಗಾದರೆ ಬ್ರೌಸರ್‌ನಲ್ಲಿ ಸೇವ್ ಮಾಡುವುದೇ ತಪ್ಪಾ? ಅಲ್ಲ. ಈ ವಿಷಯದಲ್ಲಿ ಹೆದರಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಚಿಕ್ಕಮ್ಮ ಎಲ್ಲ ಕಡೆಗೂ ಮಗನ ಹೆಸರು ಮತ್ತು ಹುಟ್ಟಿದ ವರ್ಷವನ್ನೇ ಪಾಸ್‌ವರ್ಡ್ ಮಾಡಿಕೊಂಡಿದ್ದರು. ಒಂದು ಕಡೆ ಸೋರಿದರೆ ಎಲ್ಲ ಕಡೆಯೂ ಸೋರಿದ ಹಾಗೆ. ಅವರಿಗೆ ಬ್ರೌಸರೇ ಪ್ರತಿ ಸೈಟಿಗೂ ಬೇರೆ ಬೇರೆ ಉದ್ದದ ಪಾಸ್‌ವರ್ಡ್ ಹುಟ್ಟಿಸಿ ನೆನಪಿಟ್ಟುಕೊಳ್ಳುವುದು ಎಷ್ಟೋ ವಾಸಿ. ಇನ್ನೊಂದು ಲಾಭವೂ ಇದೆ. ಬ್ಯಾಂಕಿನ ಹಾಗೇ ಕಾಣುವ ಮೋಸದ ಪುಟ ಬಂದರೆ ನಮ್ಮ ಕಣ್ಣು ಏಮಾರುತ್ತದೆ. ಬ್ರೌಸರ್ ವಿಳಾಸ ನೋಡುತ್ತದೆ, ಒಂದಕ್ಷರ ಬೇರೆ ಇದ್ದರೂ ಪಾಸ್‌ವರ್ಡ್ ತುಂಬುವುದಿಲ್ಲ. 'ಯಾಕೋ ತಾನಾಗಿ ತುಂಬ್ತಿಲ್ವಲ್ಲ' ಅನ್ನಿಸಿದರೆ ಅಲ್ಲೇ ನಿಂತು ವಿಳಾಸ ಓದಿ ಅಂತ ಚಿಕ್ಕಮ್ಮನಿಗೆ ಹೇಳಿಕೊಟ್ಟಿದ್ದೇನೆ.

ನನ್ನ ಗೆರೆ ಇಷ್ಟು. ಬ್ಯಾಂಕ್, ಮುಖ್ಯವಾದ ಇಮೇಲ್ ಮತ್ತು ಆಫೀಸಿನ ಯಾವುದೇ ಲಾಗಿನ್ ನನ್ನ ಸ್ವಂತ ಬ್ರೌಸರ್ ಪ್ರೊಫೈಲ್‌ನಲ್ಲಿ ಇರುವುದಿಲ್ಲ. ಮೊದಲೆರಡು ನನ್ನ ತಲೆಯಲ್ಲಿ, ಆಫೀಸಿನದು ಆಫೀಸು ಕೊಟ್ಟ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ. ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದ ಲಾಗಿನ್ ಆಗುವ ವಿಧಾನ) ಕೊಡುವ ಸೈಟುಗಳಲ್ಲಿ ಅದನ್ನೇ ಹಾಕಿಕೊಂಡಿದ್ದೇನೆ.

ಓಕ್ಟಾ ಏನು ಮಾಡಿತು? ಆ ಸರ್ವಿಸ್ ಅಕೌಂಟ್ ಮುಚ್ಚಿತು. ಕಂಪನಿಯ ಲ್ಯಾಪ್‌ಟಾಪ್‌ಗಳಲ್ಲಿ ಕ್ರೋಮ್‌ಗೆ ಸ್ವಂತ ಗೂಗಲ್ ಪ್ರೊಫೈಲ್‌ನಿಂದ ಸೈನ್ ಇನ್ ಆಗುವುದನ್ನೇ ನಿರ್ಬಂಧಿಸಿತು. ಸಹಾಯ ವ್ಯವಸ್ಥೆಯ ಮೇಲೆ ಕಣ್ಣಿಡುವ ಹೊಸ ನಿಯಮಗಳನ್ನು ಹಾಕಿತು. ಅಡ್ಮಿನ್ ಸೆಷನ್ ಬೇರೆ ನೆಟ್‌ವರ್ಕ್‌ನಿಂದ ಬಂದರೆ ಮತ್ತೆ ಲಾಗಿನ್ ಕೇಳುವ ಸೌಲಭ್ಯ ತಂದಿತು. ಕಂಪನಿ ನಡೆಸುವವರಿಗೆ ಇದರಲ್ಲಿ ಎರಡನೆಯದು ಇವತ್ತೇ ಮಾಡಬಹುದಾದ ಕೆಲಸ. ಕ್ರೋಮ್‌ನ ಆಡಳಿತ ಸೆಟ್ಟಿಂಗ್‌ಗಳಲ್ಲಿ ಕಂಪನಿಯ ವಿಳಾಸದ ಖಾತೆಗಳಿಗೆ ಮಾತ್ರ ಸೈನ್ ಇನ್ ಬಿಡಬಹುದು, ಪಾಸ್‌ವರ್ಡ್ ಸೇವ್ ಮಾಡುವುದನ್ನೇ ನಿಲ್ಲಿಸಬಹುದು.

ಆದರೆ ಬರೀ ನಿಲ್ಲಿಸಿದರೆ ಸಾಲದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜನ ಬ್ರೌಸರ್‌ನಲ್ಲಿ ಸೇವ್ ಮಾಡುವುದು ಸೋಮಾರಿತನಕ್ಕಲ್ಲ. ಇಪ್ಪತ್ತು ಉದ್ದುದ್ದ ಪಾಸ್‌ವರ್ಡ್ ಕೊಟ್ಟು, ಇಟ್ಟುಕೊಳ್ಳಲು ಒಂದು ಜಾಗ ಕೊಡದೆ, ಮೂರು ತಿಂಗಳಿಗೊಮ್ಮೆ ಬದಲಾಯಿಸಿ ಅಂದರೆ ಅವರು ಇನ್ನೇನು ಮಾಡಬೇಕು? ಸಣ್ಣ ಊರುಗಳ ತೆರಿಗೆ ಸಲಹೆಗಾರರ ಕಚೇರಿಗಳಲ್ಲಿ ನೋಡಿದ್ದೇನೆ. ನೂರಾರು ಅಂಗಡಿಗಳ ಜಿಎಸ್‌ಟಿ ಲಾಗಿನ್‌ಗಳು ಒಂದೇ ಕಂಪ್ಯೂಟರ್‌ನಲ್ಲಿ, ಅದೂ ಕೆಲಸಕ್ಕಿರುವ ಹುಡುಗಿಯ ಸ್ವಂತ ಜೀಮೇಲ್ ಪ್ರೊಫೈಲ್‌ನಲ್ಲಿ ಸೇವ್ ಆಗಿರುತ್ತವೆ. ಅವಳು ಮದುವೆಯಾಗಿ ಬೇರೆ ಊರಿಗೆ ಹೋದರೂ ಆ ಅಂಗಡಿಗಳ ಬಾಗಿಲ ಕೀ ಅವಳ ಫೋನಿನಲ್ಲೇ ಇರುತ್ತದೆ. ಅವಳಿಗೂ ಗೊತ್ತಿಲ್ಲ, ಮಾಲೀಕರಿಗೂ ಗೊತ್ತಿಲ್ಲ. ಕಚೇರಿಯ ಹೆಸರಿನಲ್ಲೇ ಒಂದು ಖಾತೆ, ಒಂದು ಪಾಸ್‌ವರ್ಡ್ ಮ್ಯಾನೇಜರ್ ಮಾಡಿಕೊಟ್ಟರೆ ಅವಳ ಮೇಲಿನ ಭಾರವೂ ಇಳಿಯುತ್ತದೆ.

ನನ್ನ ಪಟ್ಟಿಯಲ್ಲಿ ಕೊನೆಗೆ ಉಳಿದಿದ್ದು ಹಿಂದಿನ ಕೆಲಸದ ಆ ಎರಡು ಲಾಗಿನ್. ಬಳಕೆಯಲ್ಲಿ ಇರಲಾರವು ಅಂತ ಅನ್ನಿಸಿತು. ಬರೀ ಅಳಿಸಿಬಿಡೋಣ ಅಂತ ಕೈ ಹೋಯಿತು. ಕ್ಲೌಡ್‌ಫ್ಲೇರ್‌ನ ನಾಲ್ಕು ನೆನಪಾದವು. ನಾನೇ ಲಾಗಿನ್ ಆಗಿ ನೋಡುವುದು ಸರಿಯಲ್ಲ, ಅದು ಈಗ ನನ್ನ ಜಾಗವಲ್ಲ. ಅಲ್ಲಿನ ಹಳೆಯ ಸಹೋದ್ಯೋಗಿಗೆ ಎರಡು ಸಾಲಿನ ಮೇಲ್ ಬರೆದೆ: ಈ ಹೆಸರಿನ ಖಾತೆಗಳು ಇನ್ನೂ ಇವೆಯಾ ನೋಡಿ, ಇದ್ದರೆ ದಯವಿಟ್ಟು ಮುಚ್ಚಿ, ಪಾಸ್‌ವರ್ಡ್ ಹೊರಗೆ ಹೋಗಿರುವ ಸಾಧ್ಯತೆ ಇದೆ.

ಮಧ್ಯಾಹ್ನ ಉತ್ತರ ಬಂತು. ಒಂದು ಖಾತೆ ನಾನು ಬಿಟ್ಟ ವಾರವೇ ಮುಚ್ಚಿದ್ದರಂತೆ. ಇನ್ನೊಂದು, ಟೆಸ್ಟಿಂಗ್‌ಗೆ ಅಂತ ಮಾಡಿಟ್ಟಿದ್ದು, ಅವತ್ತಿನವರೆಗೂ ತೆರೆದೇ ಇತ್ತು.